ಗಣಕಯಂತ್ರದಲ್ಲಿ ಪ್ರತಿರಕ್ಷಣೆ

ಒಂದೇ ಓಲೆಪ್ರತಿಯಲ್ಲಿ ಉಳಿದ ಗ್ರಂಥವನ್ನು ನಾಶಗೊಳಿಸಲು ಗೆದ್ದಲಿನ ಒಂದು ಸಾಲು ಸಾಕು. ಮನೆಯ ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇರುವ ಬರಹ, ಭಾವಚಿತ್ರಗಳ ಸ್ಥಿತಿಯೂ ಅಂತಹುದೇ. ಆದುದರಿಂದ ಪ್ರತಿ ತೆಗೆದಿಡುವ ಬ್ಯಾಕಪ್ ತಂತ್ರಾಂಶವನ್ನು ವಿವೇಚಿಸಿ ಆರಿಸಬೇಕು.

ಉತ್ತಮ ತಂತ್ರಾಂಶದ ಲಕ್ಷಣಗಳು ಮೂರು. ಮೊದಲನೆಯದಾಗಿ, ನಾವು ಮರೆತರೂ ಅದು ನಿಗದಿತ ಕಾಲಕ್ಕೆ ತಾನಾಗಿಯೇ ಪ್ರತಿ ತೆಗೆಯಬೇಕು. ಎರಡನೆಯದಾಗಿ, ಕಡತದ ಹಿಂದಿನ ಪಾಠಗಳನ್ನೂ ಉಳಿಸಬೇಕು. ಎರಡು ಕಡೆಯ ಕಡತಗಳನ್ನು ಕೇವಲ ಸಮಗೊಳಿಸುವ ತಂತ್ರಾಂಶವು ಇಲ್ಲಿ ಅಳಿಸಿದುದನ್ನು ಅಲ್ಲಿಯೂ ಅಳಿಸುತ್ತದೆ. ಮೂರನೆಯದಾಗಿ, ಕಳೆದುದನ್ನು ಯಥಾವತ್ತಾಗಿ ಮರಳಿ ಕೊಡಬೇಕು.

ಈ ಮೂರನೆಯದೇ ಪ್ರಧಾನವೆಂಬುದಕ್ಕೆ ನಿದರ್ಶನವುಂಟು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಲನಚಿತ್ರದ ಬಹುಪಾಲು ಕಡತಗಳು ಒಂದು ಆದೇಶದಿಂದ ಅಳಿಸಿಹೋದವು. ಬ್ಯಾಕಪ್ ವ್ಯವಸ್ಥೆ ಇದ್ದಿತು; ಆದರೆ ಅದು ಸರಿಯಾಗಿ ನಡೆಯುತ್ತಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಎಳೆಯ ಮಗುವಿದ್ದ ಕಾರಣ ಮನೆಯಿಂದಲೂ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಎಂಬುವರ ಮನೆಯ ಗಣಕಯಂತ್ರದಲ್ಲಿದ್ದ ಪ್ರತಿಯೇ ಆಗ ನೆರವಿಗೆ ಬಂದಿತು.

ಟೈಮ್ ಮಷೀನ್ ಮ್ಯಾಕ್ ಯಂತ್ರದೊಡನೆಯೇ ಬರುತ್ತದೆ. ವಿಂಡೋಸ್‌ನೊಡನೆ ಬರುವ ಫೈಲ್ ಹಿಸ್ಟರಿಯು ಸ್ವಂತ ಕಡತಗಳನ್ನು ಮಾತ್ರ ಕಾಯುತ್ತದೆ. ಇಡೀ ಡಿಸ್ಕಿನ ಪ್ರತಿಗೆ ಬೇರೆ ಸಾಧನ ಬೇಕು. ಯಾವುದನ್ನೇ ಆರಿಸಿದರೂ ಮೂಲವೂ ಸೇರಿ 3 ಪ್ರತಿಗಳು, 2 ಬಗೆಯ ಮಾಧ್ಯಮಗಳಲ್ಲಿ, 1 ಮನೆಯ ಹೊರಗೆ ಇರಲಿ.

ವಿದ್ಯಾರ್ಥಿಗಳು ತಿಂಗಳಿಗೊಮ್ಮೆಯಾದರೂ ಒಂದು ಕಡತವನ್ನು ಪ್ರತಿಯಿಂದ ಮರಳಿ ತೆಗೆದು, ತೆರೆದು ನೋಡತಕ್ಕದ್ದು. ಓದಲು ಬಾರದ ಪ್ರತಿ ಪ್ರತಿಯೆನಿಸದು.