ಏಳು ತಿಂಗಳ ಸಂಬಳ, ಹನ್ನೆರಡು ತಿಂಗಳ ಬದುಕು

ಈ ಸೀಸನ್‌ಗೆ ನನ್ನ ಅಕ್ಕನ ಮಗನಿಗೆ ತಿಂಗಳಿಗೆ 20,000 ರೂಪಾಯಿಯಂತೆ ಏಳು ತಿಂಗಳಿಗೆ ಮಾತಾಗಿದೆ. ಬೆಂಗಳೂರಿನ ಸೂಪರ್ ಡಿವಿಷನ್ ಫುಟ್‌ಬಾಲ್ ಲೀಗ್‌ನಲ್ಲಿ ಲೆಫ್ಟ್ ಬ್ಯಾಕ್ ಆಡುವ 24 ವರ್ಷದ ಹುಡುಗ ಅವನು. ಮ್ಯಾಚಿಗಿಷ್ಟು ಎಂದು ಕೊಟ್ಟದ್ದನ್ನು ಜೇಬಿಗಿಟ್ಟು ಬಸ್ ಹತ್ತುವವರೂ ಅದೇ ಲೀಗ್‌ನಲ್ಲಿದ್ದಾರೆ. ಅವರಿಗೆ ಹೋಲಿಸಿದರೆ ಇವನದು ಒಳ್ಳೆಯ ಸಂಪಾದನೆಯೇ. ಆದರೂ ಅಕ್ಕನಿಗೆ ನಿದ್ದೆಯಿಲ್ಲ. “ಏಳು ತಿಂಗಳು ಸರಿ ಕಣೋ, ಮಿಕ್ಕ ಐದು ತಿಂಗಳು ಏನು ಮಾಡ್ತಾನೆ?” ಎಂದು ಕೇಳುತ್ತಾಳೆ. ಕೇಳಬೇಕಾದ ಪ್ರಶ್ನೆಯೇ ಅದು. ಆಟ ಬಿಡಿಸುವುದು ಮಾತ್ರ ಅದಕ್ಕೆ ಉತ್ತರವಲ್ಲ ಎಂದು ನಾನು ನಂಬಿದ್ದೇನೆ. ಆ ನಂಬಿಕೆಗೆ ಲೆಕ್ಕದ ಬಲವೂ ಇದೆ.

ನಾನೂ ಇದೇ ಲೀಗ್ ಆಡಿದವನು. ಸರ್ಕಾರಿ ಉದ್ಯಮವೊಂದರ ತಂಡದಲ್ಲಿ ಸ್ಟೈಪೆಂಡ್ ಆಟಗಾರನಾಗಿದ್ದೆ. ಆಗ ಫುಟ್‌ಬಾಲ್ ನೌಕರಿಗೆ ದಾರಿ. ಆಸ್ಟಿನ್ ಟೌನ್, ಗೌತಮಪುರದ ಮನೆಗಳಲ್ಲಿ ಐಟಿಐ, ಎಚ್‌ಎಎಲ್ ಎಂಬ ಹೆಸರು ಹೇಳುವಾಗಲೇ ಹಿರಿಯರ ದನಿಯಲ್ಲಿ ಒಂದು ಗೌರವ ಇಣುಕುತ್ತಿತ್ತು. ಚೆನ್ನಾಗಿ ಆಡಿದರೆ ಕೆಲಸ. ಕೆಲಸ ಸಿಕ್ಕರೆ ಪಿಎಫ್, ಕಂಪನಿ ಆಸ್ಪತ್ರೆ, ಗ್ರಾಚ್ಯುಟಿ. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್‌ನ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿದ್ದು ನಮ್ಮ ಐಟಿಐ. ಒಂದು ಟೆಲಿಫೋನ್ ಕಾರ್ಖಾನೆಯ ತಂಡ!

ನಾನು ಆಡುವ ಹೊತ್ತಿಗೆ ಆ ದಾರಿ ಕಿರಿದಾಗುತ್ತ ಬಂದಿತ್ತು. “ಮುಂದಿನ ವರ್ಷ ಕಾಯಂ ಮಾಡ್ತೀವಿ” ಎಂದವರು ಪ್ರತಿ ವರ್ಷವೂ ಅದನ್ನೇ ಹೇಳಿದರು. ಮೊಣಕಾಲು ತಿರುಚಿದಾಗ ಸ್ಕ್ಯಾನಿಂಗ್ ಖರ್ಚು ಕೊಟ್ಟದ್ದು ಅಪ್ಪ. ಬಿ.ಕಾಂ ಮುಗಿಸಿದ್ದರಿಂದ ಆಡಿಟ್ ಆಫೀಸೊಂದಕ್ಕೆ ಸೇರಿಕೊಂಡೆ. ಎಚ್‌ಎಎಲ್ ತಂಡ 2011–12ರವರೆಗೆ ದೇಶದ ಅಂದಿನ ಅತ್ಯುನ್ನತ ಲೀಗ್ ಆದ ಐ-ಲೀಗ್‌ನಲ್ಲಿ ಆಡಿ, ಆ ವರ್ಷ ಕೆಳಗಿಳಿಯಿತು. ಈಗ ಆಟಗಾರರಿಗೆ ಹಣ ಕೊಡುವವು ಹೆಚ್ಚಾಗಿ ಖಾಸಗಿ ಕ್ಲಬ್‌ಗಳು. ಅವು ಸೀಸನ್ ಲೆಕ್ಕದಲ್ಲಿ ಹಣ ಕೊಡುತ್ತವೆ, ನೌಕರಿ ಕೊಡುವುದಿಲ್ಲ. ಹಿಂದೆ ನೌಕರಿಯ ಜೊತೆಗೇ ಬರುತ್ತಿದ್ದ ಪಿಎಫ್, ಆಸ್ಪತ್ರೆ, ಆಟ ಮುಗಿದ ಮೇಲಿನ ಬದುಕು, ಈ ಮೂರನ್ನೂ ಈಗ ಹುಡುಗ ತನ್ನ 20,000 ರೂಪಾಯಿಯಲ್ಲೇ ಕಟ್ಟಿಕೊಳ್ಳಬೇಕು. ಕೆಳಗಿನ ಲೀಗ್‌ನ ಆಟಗಾರನ ಹಣಕಾಸಿನ ಸಮಸ್ಯೆಯೆಲ್ಲ ಇಲ್ಲೇ ಇದೆ.

ಲೆಕ್ಕಕ್ಕೆ ಬರೋಣ. ತಿಂಗಳಿಗೆ 20,000 ಎಂದರೆ ಏಳು ತಿಂಗಳಿಗೆ 1,40,000. ಕ್ಲಬ್ ಇದನ್ನು ವೃತ್ತಿಪರ ಶುಲ್ಕ ಎಂದು ಕೊಡುತ್ತದೆ. ಅಂಥ ಶುಲ್ಕ ವರ್ಷಕ್ಕೆ 50,000 ಮೀರಿದರೆ ಶೇ 10ರಷ್ಟು ಟಿಡಿಎಸ್ ಕತ್ತರಿಸಬೇಕು. ಕೈಗೆ ಬರುವುದು ತಿಂಗಳಿಗೆ 18,000, ಒಟ್ಟು 1,26,000. ಹನ್ನೆರಡರಿಂದ ಭಾಗಿಸಿದರೆ 10,500. ಹುಡುಗನ ನಿಜವಾದ ತಿಂಗಳ ವರಮಾನ ಇದು. ಸಂಬಳ ಬಂದ ದಿನವೇ 10,500 ಖರ್ಚಿನ ಖಾತೆಯಲ್ಲಿ ಉಳಿದು, 7,500 ಇನ್ನೊಂದು ಖಾತೆಗೆ ಹೋಗುತ್ತದೆ. ಏಳು ತಿಂಗಳಲ್ಲಿ ಅದು 52,500 ಆಗುತ್ತದೆ. ಲೀಗ್ ಇಲ್ಲದ ಐದು ತಿಂಗಳಿಗೆ ಸರಿಯಾಗಿ 10,500ರಂತೆ. ವರ್ಷಕ್ಕೊಮ್ಮೆ ಕಣಕ್ಕೆ ಬಂದ ರಾಗಿಯನ್ನು ಮುಂದಿನ ಸುಗ್ಗಿಯವರೆಗೆ ಅಳೆದು ಉಣ್ಣುವ ಮನೆಯವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ.

ಆ 7,500ಕ್ಕೆ ಆರ್‌ಡಿ ಮಾಡಿಸೋಣ ಎಂದಳು ಅಕ್ಕ. ನಾನು ಬೇಡವೆಂದೆ. ಕ್ಲಬ್‌ನ ಹಣ ತಿಂಗಳ ಮೊದಲ ದಿನಕ್ಕೇ ಬರುವಂಥದ್ದಲ್ಲ, ಕಂತು ತಪ್ಪಿದರೆ ದಂಡ. ಆಟೊ ಸ್ವೀಪ್ ಇರುವ ಉಳಿತಾಯ ಖಾತೆ ಸಾಕು. ಬಂದಾಗ ಠೇವಣಿಯಾಗುತ್ತದೆ, ಬೇಕೆಂದಾಗ ಕೈಗೆ ಸಿಗುತ್ತದೆ. ಚೀಟಿಗಂತೂ ಹಾಕಲೇಬಾರದು. ಪಿಎಫ್‌ನ ಜಾಗಕ್ಕೆ ಪಿಪಿಎಫ್ ಖಾತೆ ತೆರೆಸಿದ್ದೇನೆ. ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಅದು ಜೀವಂತವಾಗಿರುತ್ತದೆ, ಒಳ್ಳೆಯ ವರ್ಷ ಬಂದರೆ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಏರಿಳಿತದ ವರಮಾನದವರಿಗೆ ಈ ಸಡಿಲವೇ ದೊಡ್ಡ ಅನುಕೂಲ.

ಏಳು ತಿಂಗಳಲ್ಲಿ ಟಿಡಿಎಸ್ ಎಂದು ಕತ್ತರಿಸಿದ 14,000 ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಸರ್ಕಾರದ ಬಳಿ ಅವನ ಪ್ಯಾನ್ ಸಂಖ್ಯೆಯಡಿ ಇದೆ. ಒಂದೂವರೆ ಲಕ್ಷದೊಳಗಿನ ವರಮಾನಕ್ಕೆ ತೆರಿಗೆಯೇ ಇಲ್ಲ. ರಿಟರ್ನ್ ಸಲ್ಲಿಸಿದರೆ ಪೂರ್ತಿ ಹಿಂದಿರುಗುತ್ತದೆ. “ನನಗೆಲ್ಲಿ ಸಾರ್ ಇನ್‌ಕಮ್ ಟ್ಯಾಕ್ಸು” ಎಂದು ಸಲ್ಲಿಸದೆ ಬಿಟ್ಟ ಆಟಗಾರರನ್ನು ನಾನು ನೋಡಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿದಿದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಟಿಡಿಎಸ್ ವಿವರ ತೆಗೆದು ನೋಡಬೇಕು. ಕ್ಲಬ್ ಕತ್ತರಿಸಿದ್ದನ್ನು ನಿಜಕ್ಕೂ ಕಟ್ಟಿದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಹಣ ಬಂದರೆ ಎಂಬ ಒಂದು ಮಾತಿನ ಮೇಲೆ. ಲೀಗ್ ಯಾವಾಗ ಶುರು ಎಂಬುದೇ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮೇಲಿನವರೂ ಸುರಕ್ಷಿತರಲ್ಲ. 2025ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಭವಿಷ್ಯವೇ ತೂಗುಯ್ಯಾಲೆಯಲ್ಲಿದ್ದಾಗ, ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಕಂಠೀರವ ಕ್ರೀಡಾಂಗಣ ತುಂಬಿಸಿದ ತಂಡಕ್ಕೇ ಹೀಗಾದರೆ ಅಶೋಕನಗರದ ಮೈದಾನದ ತಂಡಗಳಿಗೆ ಏನು ಭರವಸೆ?

ಹಾಗಾಗಿ ಕಾಗದ ಬೇಕು. ಫಿಫಾ ನಿಯಮದಲ್ಲಿ ವೃತ್ತಿಪರ ಆಟಗಾರ ಎಂದರೆ ಲಿಖಿತ ಒಪ್ಪಂದ ಇದ್ದು, ಆಟಕ್ಕೆ ಆಗುವ ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು. ಉಳಿದವರೆಲ್ಲ ಹವ್ಯಾಸಿಗಳು. ಒಪ್ಪಂದ ಇದ್ದವನಿಗೆ ಎರಡು ತಿಂಗಳ ಸಂಬಳ ಬಾರದಿದ್ದರೆ, 15 ದಿನದ ಲಿಖಿತ ನೋಟಿಸು ಕೊಟ್ಟು, ಆಗಲೂ ಬಾರದಿದ್ದರೆ ಹೊರನಡೆಯುವ ಹಕ್ಕನ್ನು ಅದೇ ನಿಯಮ ಕೊಡುತ್ತದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನಲ್ಲಿ ಇಂಥ ದೂರು ಕೇಳಲು ಪ್ಲೇಯರ್ಸ್ ಸ್ಟೇಟಸ್ ಕಮಿಟಿ ಇದೆ. ಆದರೆ ಬಾಯಿಮಾತಿನ 20,000 ರೂಪಾಯಿಯನ್ನು ಹಿಡಿದುಕೊಂಡು ಅದರ ಮುಂದೆ ಹೋಗುವಂತಿಲ್ಲ. ಸಹಿಯಾದ ಒಪ್ಪಂದದ ಒಂದು ಪ್ರತಿ ಆಟಗಾರನ ಕೈಯಲ್ಲೂ ಇರಬೇಕು, ಹಣ ಬ್ಯಾಂಕ್ ಖಾತೆಗೇ ಬರಬೇಕು. ಮ್ಯಾನೇಜರ್ ಜೊತೆ ಹಣದ ಮಾತು ವಾಟ್ಸ್ಆ್ಯಪ್‌ನಲ್ಲಿ ನಡೆದಿದ್ದರೆ ಅದನ್ನು ಅಳಿಸಕೂಡದು.

ಇನ್ನು ಮೊಣಕಾಲು. ಈ ಹುಡುಗರು ಅತಿ ಹೆಚ್ಚು ಹೆದರುವುದು ಎಸಿಎಲ್ ಲಿಗಮೆಂಟ್ ಹರಿಯುವುದಕ್ಕೆ. ಆಪರೇಷನ್ ಒಂದು ಖರ್ಚು, ಫಿಸಿಯೋಥೆರಪಿ ಇನ್ನೊಂದು, ಆಡದೆ ಕಳೆಯುವ ವರ್ಷ ಮೂರನೆಯದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿಕೊಳ್ಳಲೇಬೇಕು, ಆದರೆ ಅದು ಅಪಘಾತದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ; ಹರಿದ ಲಿಗಮೆಂಟಿಗೆ ಅದರಿಂದ ಏನೂ ಬರುವುದಿಲ್ಲ. ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ಅಪಘಾತದ ಗಾಯಕ್ಕೆ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಅದರ ಜೊತೆಗೆ ಅಪಾಯಕಾರಿ ಕ್ರೀಡೆಗಳಲ್ಲಿ ವೃತ್ತಿಪರರಾಗಿ ಭಾಗವಹಿಸಿದಾಗ ಆದ ಗಾಯಕ್ಕೆ ಹಣವಿಲ್ಲ ಎಂಬ ಸಾಲೂ ಇರುತ್ತದೆ. ಅಲ್ಲಿ ಉದಾಹರಣೆಗೆ ಕೊಟ್ಟಿರುವುದು ಬಂಡೆ ಹತ್ತುವುದು, ಮೋಟಾರ್ ರೇಸ್, ಕುದುರೆ ರೇಸ್‌ನಂಥವು, ಫುಟ್‌ಬಾಲ್ ಹೆಸರಿಲ್ಲ. ಇಲ್ಲ ಎಂದು ಸುಮ್ಮನಿರುವಂತಿಲ್ಲ, ಪಟ್ಟಿ ಅಷ್ಟಕ್ಕೇ ಮುಗಿಯುವುದಿಲ್ಲ ಎಂದೂ ಅಲ್ಲಿ ಬರೆದಿದೆ. ನಾವು ಅರ್ಜಿಯಲ್ಲಿ ಉದ್ಯೋಗದ ಜಾಗದಲ್ಲಿ ‘ಫುಟ್‌ಬಾಲ್ ಆಟಗಾರ’ ಎಂದೇ ಬರೆದು, ಲೀಗ್ ಪಂದ್ಯದಲ್ಲಾದ ಗಾಯಕ್ಕೆ ಹಣ ಸಿಗುತ್ತದೆಯೇ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಪಾಲಿಸಿ ಜೊತೆಗೇ ಇಟ್ಟಿದ್ದೇವೆ. ಪ್ರೀಮಿಯಂ ಹೋಗುವುದು ಸಂಜೆಯ ಕೋಚಿಂಗ್ ದುಡ್ಡಿನಿಂದ. ಅಪಾರ್ಟ್‌ಮೆಂಟ್ ಮಕ್ಕಳಿಗೆ ಅವನು ಆಟ ಹೇಳಿಕೊಡುತ್ತಾನೆ. ಆಟ ಮುಗಿದ ಮೇಲಿನ ಬದುಕೂ ಅಲ್ಲೇ ಇದೆ ಎಂದು ನನ್ನ ಅನಿಸಿಕೆ. ಲೀಗ್ ಇಲ್ಲದ ತಿಂಗಳಲ್ಲಿ ಎಐಎಫ್‌ಎಫ್ ಡಿ ಲೈಸೆನ್ಸ್ ಕೋರ್ಸ್ ಮುಗಿಸು ಎಂದು ಹೇಳಿದ್ದೇನೆ, ಒಪ್ಪಿದ್ದಾನೆ.

ಕೇರಳದ ಮಲಪ್ಪುರದ ಕಡೆಯ ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನ ಆಡುವ ಪಂದ್ಯಗಳಿಗೂ ಅವನಿಗೆ ಕರೆ ಬರುತ್ತದೆ. ಆಡಿದ ರಾತ್ರಿಯೇ ಕೈಗೆ ನಗದು. ಗಾಯವಾದರೆ ಯಾರೂ ಜವಾಬ್ದಾರರಲ್ಲ. ಒಪ್ಪಂದದಲ್ಲಿ ಬೇರೆ ಕಡೆ ಆಡಕೂಡದು ಎಂದಿದ್ದರೆ ಸೀಸನ್ನಿನ ಹಣಕ್ಕೇ ಕುತ್ತು. ಈ ವರ್ಷ ಹೋಗುವುದಿಲ್ಲ ಎಂದು ಅವನೇ ತೀರ್ಮಾನಿಸಿದ.

ಅವನ ಆಸೆ ಏನೆಂದು ನನಗೆ ಗೊತ್ತು. ಗೋಡೆಗೆ ಅಂಟಿಸಿದ ಚಿತ್ರವೇ ಹೇಳುತ್ತದೆ: 2023ರ ಮಾರ್ಚ್, ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣ, ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿದ ಕರ್ನಾಟಕ. ಅದಕ್ಕೆ ಮೊದಲು ಈ ರಾಜ್ಯ ಆ ಟ್ರೋಫಿ ಗೆದ್ದದ್ದು 54 ವರ್ಷಗಳ ಹಿಂದೆ, ಮೈಸೂರು ಎಂಬ ಹೆಸರಿನಲ್ಲಿ. ಈ ಸೀಸನ್ ಚೆನ್ನಾಗಿ ಆಡಿ ರಾಜ್ಯ ತಂಡದ ಶಿಬಿರಕ್ಕೆ ಕರೆ ಬರಬೇಕು, ಅಷ್ಟೇ ಅವನಿಗೆ ಬೇಕಾದದ್ದು. “ಮಾವ, ಇನ್ನೆರಡು ಸೀಸನ್ ಬಿಡಿ ನನ್ನ” ಎನ್ನುತ್ತಾನೆ.

ಈ ಆಸೆಗೆ ಹಣಕಾಸಿನ ಮುಖವೂ ಇದೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರಾಜ್ಯವನ್ನು ಪ್ರತಿನಿಧಿಸಿದವನಿಗೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ ಸಹಿ ಮಾಡುವ ಫಾರ್ಮ್-2 ಪ್ರಮಾಣಪತ್ರ ಸಿಗುತ್ತದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೌಕರಿಗೆ ಅರ್ಜಿ ಹಾಕಲು ಅದು ಆಧಾರ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಫಾರ್ಮ್-3. ಅವನದು ಕಾಲೇಜು ದಿನಗಳ ಫಾರ್ಮ್-3 ಈಗಾಗಲೇ ಇದೆ, ಲ್ಯಾಮಿನೇಟ್ ಮಾಡಿಸದೆ ಫೈಲಿನಲ್ಲಿ ಇಟ್ಟಿದ್ದೇವೆ. ರೈಲ್ವೆಯ ಕ್ರೀಡಾ ಕೋಟಾ ಪ್ರಕಟಣೆಗಳನ್ನು ಅಕ್ಕನೇ ನೋಡುತ್ತಿರುತ್ತಾಳೆ. ಕ್ಲಬ್‌ಗಳ ಏಣಿಯೂ ಪೂರ್ತಿ ಮುರಿದಿಲ್ಲ. ನಮ್ಮ ಊರಿನ ಎಸ್‌ಸಿ ಬೆಂಗಳೂರು 2023–24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಏರಿತು. ಒಂದೇ ಸೀಸನ್ನಿಗೆ ಕೆಳಗಿಳಿಯಿತು ನಿಜ. ಆ ಒಂದು ಸೀಸನ್‌ನಲ್ಲಿ ಅದರ ಆಟಗಾರರನ್ನು ದೇಶದ ಬೇರೆ ಕ್ಲಬ್‌ಗಳು ಕಣ್ಣಾರೆ ನೋಡಿದವಲ್ಲ, ಅದು ಇವನಂಥವರಿಗೆ ಬಹಳ.

ಎರಡು ಸೀಸನ್ ಎಂದು ನಾನೂ ಒಪ್ಪಿದ್ದೇನೆ, ಅಕ್ಕನನ್ನೂ ಒಪ್ಪಿಸಿದ್ದೇನೆ. ತಿಂಗಳಿಗೆ 10,500ರಲ್ಲಿ ನಡೆಯುತ್ತದೆ ಎಂದು ಗೊತ್ತಿರುವ ಹುಡುಗ, ಐದು ತಿಂಗಳ ಚಿಂತೆಯನ್ನು ತಲೆಯಲ್ಲಿ ಹೊತ್ತು ಟ್ಯಾಕಲ್‌ಗೆ ಇಳಿಯಬೇಕಿಲ್ಲ. ಅಗ್ರಿಮೆಂಟ್ ಇನ್ನೂ ಸಹಿಯಾಗಿಲ್ಲ. ಪಂದ್ಯದಲ್ಲೋ ಅಭ್ಯಾಸದಲ್ಲೋ ಗಾಯವಾದರೆ ಚಿಕಿತ್ಸೆಯ ಖರ್ಚು ಕ್ಲಬ್‌ನದು, ಆ ಅವಧಿಯಲ್ಲೂ ಸಂಬಳ ನಿಲ್ಲಿಸುವಂತಿಲ್ಲ ಎಂಬ ಎರಡು ಸಾಲು ಸೇರಿಸಲು ಕೇಳಿದ್ದೇವೆ. ಈ ವಾರ ಉತ್ತರ ಕೊಡುತ್ತೇವೆ ಎಂದಿದ್ದಾರೆ. ಮೊದಲನೆಯ ಸಾಲಿಗೆ ಒಪ್ಪಿ ಎರಡನೆಯದಕ್ಕೆ ಚೌಕಾಸಿ ಮಾಡಿದರೆ, ಅರ್ಧ ಸಂಬಳದವರೆಗೆ ಇಳಿಯಬಹುದು ಎಂದು ಅವನಿಗೆ ಹೇಳಿಟ್ಟಿದ್ದೇನೆ; ಮೊದಲನೆಯದನ್ನು ಬಿಡುವ ಮಾತೇ ಇಲ್ಲ.