ಹಳೆಯ ಕಡತ, ಹೊಸ ಸಂಕೇತ: ಗ್ರಂಥಸಂಪಾದನೆಯ ಒಂದು ಪಾಠ

ಉಮರ್ಗಾ, ನಿಲಂಗಾ, ಉದಗೀರ ಭಾಗದ ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ ಕಾಗದಗಳೂ ನಿಜಾಮರ ಕಾಲದ ಉರ್ದು ದಾಖಲೆಗಳೂ ಉಳಿದಿವೆ. ಕಾಗದವುಂಟು, ಓದಬಲ್ಲವರು ವಿರಳ. ಗಣಕದಲ್ಲಿ ಬೆರಳಚ್ಚಾದ ಕನ್ನಡಕ್ಕೂ ಇಂದು ಇದೇ ಸ್ಥಿತಿ ಒದಗುತ್ತಿದೆ. ಇಪ್ಪತ್ತು ವರ್ಷಗಳ ಹಿಂದೆ ನುಡಿ, ಬರಹ, ಶ್ರೀಲಿಪಿಗಳಲ್ಲಿ ಸಿದ್ಧವಾದ ಪ್ರಬಂಧವನ್ನೋ ಪ್ರಶ್ನೆಪತ್ರಿಕೆಯನ್ನೋ ಈಗಿನ ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿಲ್ಲ, ಅದನ್ನು ಕನ್ನಡವಾಗಿ ತೋರಿಸುವ ಫಾಂಟ್ ಅಲ್ಲಿಲ್ಲ.

ಆಕಾರದ ಸಂಕೇತ, ಅಕ್ಷರದ ಸಂಕೇತ

ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಅಕ್ಷರವನ್ನಲ್ಲ, ಅಕ್ಷರದ ತುಂಡುಗಳನ್ನು ದಾಖಲಿಸುತ್ತಿದ್ದವು. ನುಡಿಯಲ್ಲಿ ಇಂಗ್ಲಿಷಿನ ದೊಡ್ಡ 'ಪಿ' ಇರುವ ಸ್ಥಾನದಲ್ಲಿ ತಲೆಕಟ್ಟಿಲ್ಲದ ಕಕಾರವಿತ್ತು. ತಲೆಕಟ್ಟಿಗೆ ಬೇರೊಂದು ಸ್ಥಾನ. ಮಕಾರವಂತೂ ವಕಾರದ ಒಡಲು, ತಲೆಕಟ್ಟು, ಕೊಂಬು ಎಂಬ ಮೂರು ತುಂಡುಗಳ ಜೋಡಣೆ. 'ಧರ್ಮ' ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಕೊನೆಗೆ ದಾಖಲಾಗುತ್ತಿತ್ತು. ಅಚ್ಚಿಗೆ ಇಷ್ಟು ಸಾಕಾಗಿತ್ತು. ಆದರೆ ಪದವನ್ನು ಹುಡುಕಲು, ಅಕಾರಾದಿಯಾಗಿ ಜೋಡಿಸಲು ಇದು ಒದಗದು.

ಯುನಿಕೋಡ್ ಉಚ್ಚಾರಣೆಯ ಕ್ರಮವನ್ನು ಹಿಡಿಯುತ್ತದೆ: ಧಕಾರ, ರಕಾರ, ಹಲಂತ, ಮಕಾರ. ಅರ್ಕಾವತ್ತಿನ ಆಕಾರವನ್ನು ಕೂಡಿಸುವುದು ಫಾಂಟಿನ ಕೆಲಸ.

ಗಡಿನಾಡಿನ ವಿದ್ಯಾರ್ಥಿಗಳಿಗೆ ಇದು ಹೊಸ ತತ್ತ್ವವಲ್ಲ. ಮರಾಠಿ 'ಧರ್ಮ'ದ ಮೇಲೇರುವ ರಫಾರವೂ ಕನ್ನಡದಲ್ಲಿ ಪಕ್ಕಕ್ಕಿಳಿಯುವ ಅರ್ಕಾವತ್ತೂ ಒಂದೇ ರಕಾರವೆಂದು ಅವರು ಬಲ್ಲರು. 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ದೇವನಾಗರಿಯ ಕಕಾರಕ್ಕೂ ಕನ್ನಡದ ಕಕಾರಕ್ಕೂ ಸಂಕೇತವೊಂದೇ. ಯುನಿಕೋಡ್ ಎರಡಕ್ಕೂ 128 ಸ್ಥಾನಗಳ ಪ್ರತ್ಯೇಕ ಕೋಷ್ಟಕ ಕೊಟ್ಟಿತಾದರೂ ಕ್ರಮವನ್ನು ಉಳಿಸಿಕೊಂಡಿತು. ಎರಡರಲ್ಲೂ ಕಕಾರದ್ದು 22ನೆಯ ಸ್ಥಾನ.

ಪರಿವರ್ತನೆಯ ಕ್ರಮ

1. ಮೂಲ ಕಡತವನ್ನು ತಿದ್ದದೆ ಕಾಪಿಡಬೇಕು. ಪ್ರತಿಯ ಮೇಲೆ ಮಾತ್ರ ಕೆಲಸ ನಡೆಯಬೇಕು.
2. ಫಾಂಟಿನ ಹೆಸರನ್ನು ಗುರುತಿಸಬೇಕು. ನುಡಿಗೆಂದು ಮಾಡಿದ ಪರಿವರ್ತಕ ಶ್ರೀಲಿಪಿಯ ಸಂಕೇತಕ್ಕೆ ಹೊಂದದು.
3. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನು ಮೊದಲೇ ಬೇರ್ಪಡಿಸಬೇಕು. ಫಾಂಟಿನ ಗುರುತಿಲ್ಲದೆ ಪರಿವರ್ತಿಸಿದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ.
4. ಅರ್ಕಾವತ್ತು, ಒತ್ತಕ್ಷರ, ದೀರ್ಘ, ಅಂಕಿಗಳನ್ನು ಮುದ್ರಿತ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಬೇಕು.

ಯಂತ್ರದ ಕೆಲಸ, ಸಂಪಾದಕನ ಕೆಲಸ

ಮೂರನೆಯ ಹಂತದವರೆಗೂ ಯಂತ್ರ ನೆರವಾಗಬಹುದು. ನಾಲ್ಕನೆಯದು ಭಾಷೆ ಬಲ್ಲವರ ಕೆಲಸ. ಓಲೆಗರಿಯಿಂದ ಕಾಗದಕ್ಕೆ ಪ್ರತಿ ಮಾಡುವಾಗ ಲಿಪಿಕಾರನ ಸ್ಖಾಲಿತ್ಯಗಳಿಂದ ಪಾಠಾಂತರಗಳು ಹುಟ್ಟಿದವೆಂದು ಗ್ರಂಥಸಂಪಾದನಾ ಶಾಸ್ತ್ರ ಕಲಿಸುತ್ತದೆ. ಪರಿವರ್ತಕವೂ ಒಬ್ಬ ಲಿಪಿಕಾರನೇ. ದಣಿಯುವುದಿಲ್ಲ, ಆದರೆ ಅರ್ಥವನ್ನೂ ಅರಿಯುವುದಿಲ್ಲ. 'ಮನ' 'ವನ'ವಾದರೂ ಅದಕ್ಕೆ ಎರಡೂ ಸಮ, ಓದುಗನಿಗೆ ಹಾಗಲ್ಲ.

ಆದುದರಿಂದ ಹಳೆಯ ವ್ಯವಸ್ಥೆಯ ನವೀಕರಣವೆಂದರೆ ಹೊಸ ಗಣಕ ಕೊಳ್ಳುವುದಷ್ಟೇ ಅಲ್ಲ. ಬೆರಳಚ್ಚು ಮಾಡಿದವರೂ ಮುದ್ರಿತ ಪ್ರತಿಯೂ ಇನ್ನೂ ದೊರೆಯುವಾಗಲೇ ಈ ಕೆಲಸ ಮುಗಿಯಬೇಕು. ಮೋಡಿಯ ಕಾಗದಗಳಿಗೆ ಆ ಅವಕಾಶ ಬಹುಮಟ್ಟಿಗೆ ತಪ್ಪಿತು. ನುಡಿಯ ಕಡತಗಳಿಗೆ ಇನ್ನೂ ತಪ್ಪಿಲ್ಲ.

ಅಭ್ಯಾಸಕ್ಕೆ

1. 'ಸೂರ್ಯ', 'ವರ್ಷ', 'ಕಾರ್ಯ' ಪದಗಳ ಕಾಣುವ ಕ್ರಮವನ್ನೂ ಉಚ್ಚಾರಣೆಯ ಕ್ರಮವನ್ನೂ ಬಿಡಿಸಿ ಬರೆಯಿರಿ.
2. ಲಿಪಿಕಾರನ ಸ್ಖಾಲಿತ್ಯಗಳನ್ನು ಪರಿವರ್ತಕದ ದೋಷಗಳೊಡನೆ ಹೋಲಿಸಿರಿ.
3. ಹಳೆಯ ಫಾಂಟಿನ ಒಂದು ಪುಟವನ್ನು ಯುನಿಕೋಡಿಗೆ ತಂದು, ಕಂಡ ದೋಷಗಳನ್ನು ಪಟ್ಟಿಮಾಡಿರಿ.