ಕೋಳಿಗೆ ಸೊಪ್ಪೂ ಬೇಕು, ಲಸಿಕೆಯೂ ಬೇಕು



ನಮ್ಮ ಸಂಘಗಳ ಸಾಲದ ಪುಸ್ತಕ ತೆರೆದು ನೋಡಿದರೆ ಹಸು, ಆಡು, ಕೋಳಿ ಈ ಮೂರರ ಹೆಸರೇ ಹೆಚ್ಚು. ಅದರಲ್ಲೂ ಕೋಳಿ ಅಂದರೆ ನಮ್ಮದೇ ಕೈಯ ದುಡ್ಡು. ಮೊಟ್ಟೆ ಮಾರಿದ ಹಣಕ್ಕೆ ಯಾರ ಅಪ್ಪಣೆಯೂ ಬೇಡ. ಮಗುವಿನ ನೋಟ್‌ಬುಕ್ಕು, ಸಂಘದ ವಾರದ ಉಳಿತಾಯ ಎಷ್ಟೋ ಮನೆಗಳಲ್ಲಿ ಅದರಿಂದಲೇ ನಡೆಯುತ್ತದೆ. ಆದ್ದರಿಂದ ಈ ಸಲದ ಪಾಠ ಕೋಳಿಗಳ ಬಗ್ಗೆ.

ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಮನೆಮದ್ದಿನ ತರಬೇತಿ ನಡೆಸಿದೆವು. ಅರಿಶಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪು ಕೋಳಿಗೆ ಒಳ್ಳೆಯದು ಎಂದು ಹೇಳಿಕೊಟ್ಟೆವು. ಊಟದ ಹೊತ್ತಾಗಿತ್ತು ಅಂತ ಲಸಿಕೆಯ ವಿಷಯ ಎರಡೇ ಮಾತಿನಲ್ಲಿ ಮುಗಿಸಿಬಿಟ್ಟೆವು. ಆ ಊರಿನ ಒಬ್ಬ ಸದಸ್ಯೆ ಸಂಘದಿಂದ ಸಾಲ ತೆಗೆದು 25 ಗಿರಿರಾಜ ಕೋಳಿ ತಂದಿದ್ದರು. ಒಂದು ದಿನವೂ ತಪ್ಪದೆ ಸೊಪ್ಪು, ಅರಿಶಿನ ಹಾಕಿದರು. ಬೇಸಿಗೆಯಲ್ಲಿ ರೋಗ ಬಂತು. ಒಂದೇ ವಾರದಲ್ಲಿ 22 ಕೋಳಿ ಸತ್ತವು. "ಸಿಸ್ಟರ್, ನೀವು ಹೇಳಿದ ಹಾಗೇ ಮಾಡಿದ್ನಲ್ಲ, ಆದ್ರೂ ಯಾಕೆ ಹೋದ್ವು?" ಅಂತ ಕೇಳಿದರು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಆ ಉತ್ತರವನ್ನು ಈಗ ಕೊಡುತ್ತಿದ್ದೇವೆ.

ಯಾವುದು ಈ ರೋಗ?

ನಾವು ಕೊಕ್ಕರೆ ರೋಗ ಎನ್ನುವುದನ್ನೇ ಡಾಕ್ಟರು ರಾಣಿಖೇತ್ ರೋಗ ಎನ್ನುತ್ತಾರೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಇದನ್ನು ಗುರುತಿಸಿದರು. ಸ್ವಲ್ಪ ಕಾಲದಲ್ಲೇ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಕಂಡುಬಂದು, ನಮ್ಮ ದೇಶದಲ್ಲಿ ಆ ಊರಿನ ಹೆಸರೇ ನಿಂತಿತು. ಇದು ವೈರಸ್‌ನಿಂದ ಬರುತ್ತದೆ. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚಿಕೊಳ್ಳುವುದು, ಕಾಲು ರೆಕ್ಕೆ ಸೋಲುವುದು ಇದರ ಲಕ್ಷಣ. ಬಂದ ಮೇಲೆ ಗುಣ ಮಾಡುವ ಔಷಧಿ ಇಲ್ಲ. ಬರದ ಹಾಗೆ ತಡೆಯುವ ಲಸಿಕೆ ಇದೆ.

ಲಸಿಕೆ ಏನು ಮಾಡುತ್ತದೆ?

ಶಕ್ತಿಗುಂದಿದ ವೈರಸ್ಸನ್ನು ಕೋಳಿಯ ದೇಹಕ್ಕೆ ಮೊದಲೇ ತೋರಿಸುತ್ತದೆ. ದೇಹ ಅದನ್ನು ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ನಿಜವಾದ ರೋಗ ಬಂದಾಗ ಇವೇ ಎದುರು ನಿಲ್ಲುತ್ತವೆ. ಇದಕ್ಕೆ ಸುಮಾರು ಎರಡು ವಾರ ಬೇಕು. ಪಕ್ಕದ ಮನೆಯಲ್ಲಿ ಕೋಳಿ ಸಾಯಲು ಶುರುವಾದ ಮೇಲೆ ಓಡಾಡಿದರೆ ತಡವಾಗಿರುತ್ತದೆ.

ಹಾಗಾದರೆ ಸೊಪ್ಪಿನ ಕೆಲಸವೇನು?

ಪ್ರತಿಕಾಯ ತಯಾರಾಗುವುದು ಪ್ರೋಟೀನ್‌ನಿಂದ. ಅದಕ್ಕೆ 'ಎ' ಜೀವಸತ್ವದಂಥವೂ ಬೇಕು. ಬರೀ ನುಚ್ಚು ತಿಂದ ಕೋಳಿಗೆ ಇವು ಸಾಲುವುದಿಲ್ಲ. ಒಣಗಿದ ನುಗ್ಗೆಸೊಪ್ಪಿನಲ್ಲಿ ಸುಮಾರು ಕಾಲು ಭಾಗ ಪ್ರೋಟೀನ್ ಇದೆ, 'ಎ' ಜೀವಸತ್ವ ಕೊಡುವ ಅಂಶವೂ ಹೇರಳವಾಗಿದೆ. ಅರಿಶಿನ, ಬೆಳ್ಳುಳ್ಳಿ, ಅಮೃತಬಳ್ಳಿ, ಬೆಟ್ಟದ ನೆಲ್ಲಿಯನ್ನು ಆಹಾರದಲ್ಲಿ ಬೆರೆಸಿ ವಿಜ್ಞಾನಿಗಳು ಪರೀಕ್ಷೆ ಮಾಡಿದ್ದಾರೆ. ಕೆಲವು ಪ್ರಯೋಗಗಳಲ್ಲಿ ಲಸಿಕೆಯ ನಂತರ ರಕ್ತದಲ್ಲಿ ಪ್ರತಿಕಾಯ ಹೆಚ್ಚು ಕಂಡಿತು, ಇನ್ನು ಕೆಲವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸೊಪ್ಪು ಸಹಾಯ ಮಾಡಬಹುದು, ಆದರೆ ಲಸಿಕೆಯ ಜಾಗಕ್ಕೆ ಅದು ಬರುವುದಿಲ್ಲ. ಆ ಸಹೋದರಿಯ ಕೋಳಿಗಳು ಪುಷ್ಟಿಯಾಗಿದ್ದವು. ಆದರೆ ಆ ವೈರಸ್‌ನ ಗುರುತು ಅವುಗಳ ದೇಹಕ್ಕೆ ಇರಲಿಲ್ಲ.

ಮಾಡುವ ಕ್ರಮ

1. ಲಸಿಕೆಗೆ ಒಂದು ವಾರ ಮೊದಲು ಪಶುವೈದ್ಯರನ್ನು ಕೇಳಿ ಜಂತಿನ ಔಷಧಿ ಕೊಡಿ. ಹುಳ ತುಂಬಿದ ಕೋಳಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ.

2. ಅದೇ ವಾರದಿಂದ ಲಸಿಕೆಯಾಗಿ ಎರಡು ವಾರದವರೆಗೆ, ಹತ್ತು ದೊಡ್ಡ ಕೋಳಿಗಳ ಒಂದು ದಿನದ ಆಹಾರಕ್ಕೆ (ಸುಮಾರು 1 ಕಿಲೋ) ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪು ಒಂದು ಹಿಡಿ, ಅರಿಶಿನಪುಡಿ ಒಂದು ಟೀ ಚಮಚ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು ಬೆರೆಸಿ.  ಒಳ್ಳೆಯದು ಅಂತ ಜಾಸ್ತಿ ಹಾಕಬೇಡಿ. ಬೇವು ಹೆಚ್ಚಾದರೆ ಕೋಳಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ.

3. ಬೂಷ್ಟು ಹಿಡಿದ ಜೋಳ, ಕಡಲೆಹಿಂಡಿ ಹಾಕಲೇಬೇಡಿ. ಬೂಷ್ಟಿನ ವಿಷ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಯಾವ ಸೊಪ್ಪೂ ಅದನ್ನು ಸರಿ ಮಾಡಲಾರದು.

4. ಮರಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಲಸೋಟ ಅಥವಾ ಎಫ್-1 ಲಸಿಕೆ, ನಾಲ್ಕನೇ ವಾರದಲ್ಲಿ ಮತ್ತೊಮ್ಮೆ. ಎಂಟು ವಾರ ತುಂಬಿದ ಮೇಲೆ ಆರ್-2-ಬಿ ಚುಚ್ಚುಮದ್ದು. ಇದು ಸ್ವಲ್ಪ ಬಲವಾದ ಲಸಿಕೆ, ಎಳೆ ಮರಿಗೆ ಬೇಡ. ಮುಂದಿನದ್ದು ಯಾವಾಗ ಎಂದು ಪಶುವೈದ್ಯರಿಂದ ಬರೆಸಿಕೊಳ್ಳಿ.

5. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಐಸ್ ಹಾಕಿದ ಥರ್ಮಾಸ್‌ನಲ್ಲಿ ತನ್ನಿ, ಬಿಸಿಲಿಗೆ ಹಿಡಿಯಬೇಡಿ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಅರಿಶಿನವನ್ನಾಗಲಿ ಬೇರೆ ಮದ್ದನ್ನಾಗಲಿ ಲಸಿಕೆಗೆ ಬೆರೆಸಬೇಡಿ. ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಿಸಬೇಡಿ.

ಒಬ್ಬರಿಂದ ಆಗದ್ದು ಸಂಘದಿಂದ ಆಗುತ್ತದೆ

"ನಂಗಿರೋದು ಎಂಟು ಕೋಳಿ. ಸೀಸೆ ತೆಗೆದ್ರೆ ನೂರು ಕೋಳಿಗಾಗುತ್ತೆ. ಉಳಿದದ್ದನ್ನ ಏನ್ ಮಾಡ್ಲಿ?" ಅಂತ ಬಹಳ ಮಂದಿ ಕೇಳುತ್ತಾರೆ. ನಿಜವಾದ ಕಷ್ಟವೇ ಇದು. ಹತ್ತು ಮನೆಯ ಕೋಳಿ ಸೇರಿದರೆ ಒಂದು ಸೀಸೆ ಖರ್ಚಾಗುತ್ತದೆ. ಸಂಘದಲ್ಲಿ ಒಂದು ದಿನ ಗೊತ್ತು ಮಾಡಿ, ಪಶು ಆಸ್ಪತ್ರೆಗೆ ಮುಂಚೆಯೇ ತಿಳಿಸಿ. ಬೆಳಿಗ್ಗೆ ಕೋಳಿ ಹೊರಗೆ ಬಿಡುವ ಮೊದಲೇ ಕೆಲಸ ಮುಗಿಸಿ. ಒಂದು ಮನೆ ಬಿಟ್ಟುಹೋದರೂ ರೋಗಕ್ಕೆ ಅದೇ ಬಾಗಿಲು.

ಆ ಸಹೋದರಿಗೆ ಸಂಘದವರು ಸಾಲದ ಕಂತಿಗೆ ಹೆಚ್ಚು ಕಾಲ ಕೊಟ್ಟರು. ಅವರು ಸಾಲ ತೀರಿಸಿದರು, ಮತ್ತೆ ಕೋಳಿ ಸಾಕಿದರು. ಈಗ ಲಸಿಕೆಯ ದಿನ ಥರ್ಮಾಸ್ ಹಿಡಿದು ಮನೆಮನೆಗೆ ಹೋಗುವವರು ಅವರೇ. ಅವರ ಕೋಳಿಗಳಿಗೆ ನುಗ್ಗೆಸೊಪ್ಪು ಇವತ್ತಿಗೂ ತಪ್ಪಿಲ್ಲ.

ಸಭೆಯಲ್ಲಿ ಚರ್ಚಿಸಿ

1. ಕಳೆದ ವರ್ಷ ನಮ್ಮ ಸಂಘದಲ್ಲಿ ಎಷ್ಟು ಕೋಳಿ ಸತ್ತವು? ನಷ್ಟ ಎಷ್ಟು ರೂಪಾಯಿ?
2. ನಮ್ಮಲ್ಲಿ ಒಟ್ಟು ಎಷ್ಟು ಕೋಳಿಗಳಿವೆ? ಎಷ್ಟು ಸೀಸೆ ಲಸಿಕೆ ಬೇಕು?
3. ಲಸಿಕೆಯ ದಿನ ಯಾವುದು? ಜವಾಬ್ದಾರಿ ಯಾರದು? ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.